ಕುಳ್ಳ ಗೋಧಿ

ಗೋಧಿ ಕಾಳುಗಟ್ಟುವ ಹೊತ್ತಿಗೆ ಒಂದು ಬಿರುಗಾಳಿ ಬೀಸಿದರೆ ಸಾಕು, ದೊಡ್ಡಮ್ಮನ ಹೊಲ ನೆಲಕಚ್ಚುತ್ತಿತ್ತು. ಎದೆಯೆತ್ತರದ ಪೈರು ಚಾಪೆ ಹಾಸಿದಂತೆ ಮಲಗಿಬಿಡುತ್ತಿತ್ತು. ಅದನ್ನು ಎತ್ತಿ ಎತ್ತಿ ಕೊಯ್ಯುವಷ್ಟರಲ್ಲಿ ಸೊಸೆಯ ಸೊಂಟ ಬಿದ್ದುಹೋಗುತ್ತಿತ್ತು. ತೆನೆಯಲ್ಲೇ ಮೊಳೆತ ಕಾಳು ಹಿಟ್ಟಿಗೂ ಆಗದು, ಬೀಜಕ್ಕೂ ಆಗದು. ಈ ಸಲವಂತೂ ಕಣಜ ಅರ್ಧವೂ ತುಂಬಲಿಲ್ಲ.

ಕೊನೆಗೆ ಸೊಸೆಯೇ ಬೀಜದಕ್ಕನನ್ನು ಮನೆಗೆ ಕರೆತಂದಳು. ಹೊಸ ತಳಿ ಬೆಳೆಸುವ ಸಂಶೋಧನಾ ಹೊಲದಲ್ಲಿ ಕೆಲಸ ಮಾಡುವ ಆಕೆಗೆ ಊರವರು ಇಟ್ಟ ಹೆಸರು ಅದು. ಆಕೆ ಚೀಲದಿಂದ ಒಂದು ಹಿಡಿ ಒಣಗಿದ ಪೈರು ತೆಗೆದಳು. ದೊಡ್ಡಮ್ಮನಿಗೆ ನಗು ಬಂತು.

"ಇದೇನಮ್ಮ, ನನ್ನ ಸೊಂಟದವರೆಗೂ ಬರಲ್ವಲ್ಲ. ಹೊಟ್ಟೆಗಿಲ್ಲದೆ ಬೆಳೆದಿದೆಯಾ?"

"ಬೇಕು ಅಂತಲೇ ಕುಳ್ಳ ಮಾಡಿದ್ದು ದೊಡ್ಡಮ್ಮ. ತೆನೆ ಮುಟ್ಟಿ ನೋಡಿ."

ದೊಡ್ಡಮ್ಮ ತೆನೆಯನ್ನು ಅಂಗೈಯಲ್ಲಿ ಉಜ್ಜಿದಳು. ಕಾಳು ತುಂಬಿಕೊಂಡಿತ್ತು. "ಮದ್ದುಗಿದ್ದು ಹಾಕಿ ಊದಿಸಿದ್ದೀರೋ ಏನೋ," ಎಂದಳು.

"ಮದ್ದಲ್ಲ. ಕುಳ್ಳ ಗೋಧಿಯ ಹೂವಿಗೆ ತುಂಬುತೆನೆ ಗೋಧಿಯ ಪರಾಗ ಮುಟ್ಟಿಸ್ತೀವಿ. ಹುಟ್ಟಿದ ಪೈರಲ್ಲಿ ಒಳ್ಳೇದನ್ನಷ್ಟೇ ಆರಿಸಿ ಮತ್ತೆ ಬಿತ್ತುತ್ತೀವಿ. ಹತ್ತು ವರ್ಷ ಹೀಗೆ ಆರಿಸಿದ ಮೇಲೆ ಬಂದ ತಳಿ ಇದು. ಎತ್ತರದ ಪೈರು ಉಂಡಿದ್ದೆಲ್ಲ ದಂಟಿಗೆ ಹೋಗುತ್ತೆ. ಇದು ಕಾಳಿಗೆ ಕೊಡುತ್ತೆ. ಗಾಳಿಗೂ ಸುಲಭಕ್ಕೆ ಬೀಳಲ್ಲ."

"ದಂಟು ಕಡಿಮೆ ಅಂದ್ರೆ ಹುಲ್ಲೂ ಕಡಿಮೆ. ನನ್ನ ಹಸುಗಳು ನಿನ್ನ ಮಾತು ಮೇಯ್ತವಾ?"

ಬೀಜದಕ್ಕ ಸುಳ್ಳು ಹೇಳಲಿಲ್ಲ. "ಹುಲ್ಲು ಕಡಿಮೆ ಬರೋದು ನಿಜ. ಅದಕ್ಕೇ ಹೊಲದ ಕಾಲು ಭಾಗಕ್ಕೆ ಮಾತ್ರ ಇದನ್ನ ಹಾಕಿ ಅಂತೀನಿ. ಪಕ್ಕದಲ್ಲಿ ಅಷ್ಟೇ ಜಾಗ ಗುರುತು ಹಾಕಿ ನಿಮ್ಮದು ಬಿತ್ತಿ. ಗೊಬ್ಬರ, ನೀರು ಎರಡಕ್ಕೂ ಒಂದೇ ಇರಲಿ. ಆಮೇಲೆ ಬೇರೆ ಬೇರೆ ಒಕ್ಕಿ ಅಳೆಯಿರಿ."

ದೊಡ್ಡಮ್ಮ ಸೊಸೆಯತ್ತ ನೋಡಿದಳು. ಅವಳು ಸೊಂಟಕ್ಕೆ ಕೈಕೊಟ್ಟು ಗೋಡೆಗೆ ಒರಗಿ ನಿಂತಿದ್ದಳು.

"ಕಾಲು ಭಾಗ ಅಂದ್ರೆ ಕಾಲೇ ಭಾಗ," ಎಂದಳು ದೊಡ್ಡಮ್ಮ.

ಪೈರು ಬೆಳೆಯಿತು. "ನಿಮ್ಮ ಹೊಲ ಅರ್ಧ ಕ್ಷೌರ ಮಾಡಿಸ್ಕೊಂಡ ತಲೆ ಥರ ಇದೆ," ಎಂದು ಪಕ್ಕದ ಹೊಲದವನು ರೇಗಿಸಿದ. ದೊಡ್ಡಮ್ಮ ಕೇಳಿಸದವಳಂತೆ ನಡೆದುಬಿಟ್ಟಳು.

ಗಾಳಿ ಬಂತು. ಬೆಳಗ್ಗೆ ಹೋಗಿ ನೋಡಿದರೆ ಹಳೆಯ ಪೈರು ಎಂದಿನಂತೆ ಮಲಗಿತ್ತು. ಕುಳ್ಳ ಗೋಧಿ ಕೊಂಚ ವಾಲಿ, ನಿಂತೇ ಇತ್ತು. ದೊಡ್ಡಮ್ಮ ಬದುವಿನಿಂದ ಬಾಗಿ ಒಂದು ದಂಟನ್ನು ಬಗ್ಗಿಸಿ ಬಿಟ್ಟು ನೋಡಿದಳು. ಕೊಯ್ಲಿನ ದಿನ ಸೊಸೆಗೆ, "ನಿಂತಿರೋದನ್ನ ನೀನು ಕೊಯ್ಯಿ. ಬಿದ್ದಿರೋದನ್ನ ನಾನು ನೋಡ್ಕೋತೀನಿ," ಎಂದಳು.

ಗುರುತು ಹಾಕಿದ ಹಳೆಯ ಗೋಧಿ ಎರಡೂವರೆ ಚೀಲವಾಯಿತು. ಅಷ್ಟೇ ಜಾಗದ ಕುಳ್ಳ ಗೋಧಿ ನಾಲ್ಕು ಚೀಲ. ನಂಬಿಕೆ ಸಾಲದೆ ದೊಡ್ಡಮ್ಮ ಇನ್ನೊಮ್ಮೆ ಅಳೆಸಿದಳು. ನಾಲ್ಕೇ.

"ಈ ಬೀಜ ನಾವೇ ಎತ್ತಿಟ್ಕೋಬಹುದಾ?" ಎಂದು ಬೀಜದಕ್ಕನನ್ನು ಕೇಳಿದಳು.

"ಇದನ್ನ ಇಟ್ಕೋಬಹುದು. ಮೂರು ವರ್ಷಕ್ಕೊಮ್ಮೆ ಹೊಸದು ತನ್ನಿ. ಎರಡು ತಳಿ ಕೂಡಿಸಿದ ಮೊದಲ ಪೀಳಿಗೆಯನ್ನೇ ಮಾರೋ ಹೈಬ್ರಿಡ್ ಬೀಜ ಆದ್ರೆ ಮಾತ್ರ ಪ್ರತಿ ಸಲ ಹೊಸದೇ ಬೇಕು."

ಮುಂದಿನ ಬಿತ್ತನೆಗೆ ಮುಕ್ಕಾಲು ಹೊಲ ಕುಳ್ಳ ಗೋಧಿಗೆ ಹೋಯಿತು. ಉಳಿದ ಕಾಲು ಭಾಗವನ್ನು ಹಸುಗಳ ಹುಲ್ಲಿಗೆಂದು ದೊಡ್ಡಮ್ಮನೇ ಹಳೆಯ ಗೋಧಿಗೆ ಬಿಟ್ಟುಕೊಂಡಳು.

ಇದನ್ನು ಓದುತ್ತಿರುವ ರೈತ ಬಂಧುಗಳೇ, ಯಾರ ಮಾತನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ನಿಮ್ಮ ನೆಲಕ್ಕೆ, ನೀರಿಗೆ ಒಗ್ಗುವ ಸುಧಾರಿತ ತಳಿ ಯಾವುದೆಂದು ಹತ್ತಿರದ ಕೃಷಿ ಕಚೇರಿಯಲ್ಲಿ ಕೇಳಿ. ಮೊದಲು ಒಂದು ತುಂಡು ನೆಲಕ್ಕೆ ಬಿತ್ತಿ ನೋಡಿ, ನಿಮ್ಮ ಕೈಯಾರೆ ಅಳೆಯಿರಿ. ಬಿತ್ತನೆಗೆ ಇನ್ನೂ ಸಮಯವಿದೆ. ಈ ವಾರವೇ ಹೋಗಿ ಕೇಳಿ ಬನ್ನಿ.