ತೋಳ ಯಾರ ಕೈಗೆ

"ನಿನ್ನ ತಮ್ಮ ಬೇಕಂತಲೇ ಕಚ್ಚಿಸ್ಕೊಂಡಿದ್ದಾನೆ ಕಣೇ! ತೋಳದ ಬಾಯಿಗೆ ತಾನಾಗೇ ತೋಳು ಕೊಟ್ಟಿದ್ದಾನೆ! ಏನ್ ಹಂಗೆ ಪಿಳಿಪಿಳಿ ನೋಡ್ತೀಯ, ಮೊದ್ಲು ಆ ಮಿಷಿನ್ ಆಫ್ ಮಾಡು!"

ಹಲ್ಲಕ್ಕ ಪಾಲಿಶ್ ಮಿಷಿನ್ ನಿಲ್ಲಿಸಿದಳು. ಅವಳ ಕೈಯಲ್ಲಿ ಯಾರದೋ ಮೇಲ್ದವಡೆಯ ಹಲ್ಲುಸೆಟ್ಟಿತ್ತು, ಇನ್ನೂ ಬಿಸಿಬಿಸಿ. ಬಾಗಿಲಲ್ಲಿ ಟೈಲರಕ್ಕ ನಿಂತಿದ್ದಳು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ರವಿಕೆಯ ತೋಳಿಗೆ ಎರಡು ಗುಂಡುಸೂಜಿ ಚುಚ್ಚಿಕೊಂಡಿದ್ದವು. ಮೂರು ಮಹಡಿ ಒಂದೇ ಉಸಿರಿಗೆ ಹತ್ತಿ ಬಂದಿದ್ದಕ್ಕೆ ಮುಖ ಕೆಂಪಾಗಿತ್ತು. ಮೆಟ್ಟಿಲು ಹತ್ತಿದ್ದಷ್ಟೇ ಕಾರಣ ಅಲ್ಲ ಅಂತ ಹಲ್ಲಕ್ಕನಿಗೆ ನೋಡಿದ ಕೂಡಲೇ ಗೊತ್ತಾಯಿತು.

ಹೊರಗಿನವರು ಯಾರಾದರೂ ಈ ಮಾತು ಕೇಳಿಸಿಕೊಂಡಿದ್ದರೆ ಆಂಬುಲೆನ್ಸಿಗೆ ಫೋನ್ ಮಾಡಿರುತ್ತಿದ್ದರು. ಆದರೆ ಕಚ್ಚಿದ ಆ ತೋಳ ಕಾಗದದ್ದು. ಕಳೆದ ಶನಿವಾರ ಇದೇ ಕೋಣೆಯ ಇದೇ ಮೇಜಿನ ಮೇಲೆ, ಪೆನ್ಸಿಲ್ಲು ದಾಳಗಳ ನಡುವೆ ಕಚ್ಚಿತ್ತು. ಹಲ್ಲುಸೆಟ್ ಮಾಡುವ ಈ ಲ್ಯಾಬಿಗೆ ಶನಿವಾರ ಅರ್ಧ ದಿನ ಕೆಲಸ. ಎರಡು ಗಂಟೆಗೆ ಪ್ಲಾಸ್ಟರ್ ಅಚ್ಚುಗಳನ್ನೆಲ್ಲ ಪಕ್ಕಕ್ಕೆ ಸರಿಸಿದರೆ ಮೇಜು ಆಟಕ್ಕೆ. ಎರಡು ವರ್ಷದಿಂದ ಇದೇ ನಾಲ್ಕು ಜನ. ಕಥೆ ನಡೆಸುವವಳು ಹಲ್ಲಕ್ಕ. ಕಾಡು, ಕೋಟೆ, ಕಳ್ಳರು, ಭೂತ, ಎಲ್ಲ ಅವಳ ಬಾಯಿಂದಲೇ ಬರಬೇಕು. ಉಳಿದ ಮೂವರಿಗೂ ಒಂದೊಂದು ಪಾತ್ರ, ಅದರ ಬಲ, ಜೀವದ ಅಂಕಿಗಳೆಲ್ಲ ಬರೆದಿಟ್ಟ ಒಂದೊಂದು ಹಾಳೆ. ಟೈಲರಕ್ಕನದು ಊರೂರು ತಿರುಗುವ ವೈದ್ಯೆ. ಬಸ್ ಕಂಡಕ್ಟರನದು ಕಳ್ಳ. ಹಲ್ಲಕ್ಕನ ತಮ್ಮನದು ಕತ್ತಿ ಹಿಡಿದ ಯೋಧ. ತಮ್ಮ ಆರಡಿ ಎತ್ತರ, ಕೊರಿಯರ್ ಆಫೀಸಿನಲ್ಲಿ ಮೂಟೆ ಎತ್ತುವ ಕೆಲಸ, ಆದರೂ ಎಲ್ಲರ ಬಾಯಲ್ಲಿ ಅವನು ಪುಟಾಣಿ. ಯಾರು ಏನು ಮಾಡುತ್ತೇನೆ ಅಂದರೂ ಆಯಿತೋ ಇಲ್ಲವೋ ಅಂತ ತೀರ್ಮಾನಿಸುವುದು ಇಪ್ಪತ್ತು ಮುಖದ ದಾಳ. ದೊಡ್ಡ ಅಂಕಿ ಬಿದ್ದರೆ ಗೆದ್ದ ಹಾಗೆ.

"ಕೂತ್ಕೊಂಡು ಹೇಳು," ಎಂದಳು ಹಲ್ಲಕ್ಕ.

"ಕೂರಲ್ಲ. ಹೋದ ವಾರ ತೋಳಮನುಷ್ಯ ಹಾರಿದಾಗ ತಪ್ಪಿಸ್ಕೊಳ್ಳೋಕೆ ಅವನಿಗೆ ಎಷ್ಟು ಬೇಕಿತ್ತು?"

"ಹನ್ನೆರಡು."

"ಎಷ್ಟು ಬಿತ್ತು ಅಂದ?"

"ನಾಲ್ಕು."

"ಹದಿನೆಂಟು ಬಿದ್ದಿತ್ತಂತೆ! ನೀರಿನ ಬಾಟ್ಲಿ ಹಿಂದಕ್ಕೆ ದಾಳ ಉರುಳಿಸಿ, ಅಳುಮುಖ ಮಾಡ್ಕೊಂಡು ನಾಲ್ಕು ಅಂದ ಮಹಾಶಯ. ಇವತ್ತು ಬೆಳಿಗ್ಗೆ ಬಸ್ಸಲ್ಲಿ ಕಂಡಕ್ಟ್ರ ಹತ್ರ ಕೊಚ್ಕೊಂಡಿದ್ದಾನೆ. ತೋಳಮನುಷ್ಯ ಕಚ್ಚಿದ್ರೆ ಹುಣ್ಣಿಮೆಗೆ ನಾನೂ ತೋಳ ಆಗ್ತೀನಿ, ಆಮೇಲೆ ಮಾಮೂಲಿ ಕತ್ತಿ ತಾಗಲ್ಲ, ಬಲ ಎರಡರಷ್ಟು, ನೋಡ್ತಾ ಇರಿ ಅಣ್ಣ, ಇನ್ಮೇಲೆ ನಂದೇ ಹವಾ ಅಂತ!"

ಹಲ್ಲಕ್ಕ ಸೆಟ್ಟನ್ನು ನೀರಿನ ಬಟ್ಟಲಿಗೆ ಹಾಕಿದಳು. ಎರಡು ವರ್ಷದಲ್ಲಿ ಈ ಮೇಜಿನ ಮೇಲೆ ಯಾರಾದರೂ ಇಪ್ಪತ್ತು ಅಂತ ಕೂಗಿದರೆ ಉಳಿದವರೆಲ್ಲ ಹದ್ದಿನ ಹಾಗೆ ಬಗ್ಗಿ ನೋಡುತ್ತಿದ್ದರು. ಸಣ್ಣ ಅಂಕಿ ಹೇಳಿದವನ ದಾಳವನ್ನು ಒಬ್ಬರೂ ಒಂದು ದಿನವೂ ನೋಡಿರಲಿಲ್ಲ. ಅಯ್ಯೋ ಪಾಪ ಅಂತ ಬೆನ್ನು ತಟ್ಟಿದ್ದರು. ಸೋಲೋಕೆ ಯಾರಾದರೂ ಸುಳ್ಳು ಹೇಳುತ್ತಾರೆಯೇ?

"ನನ್ನ ಎಲೆ ಹೋಯ್ತು ಕಣೇ," ಎಂದಳು ಟೈಲರಕ್ಕ. ಈ ಸಲ ದನಿ ಕೆಳಗಿತ್ತು, ಹಾಗಾಗಿ ಇನ್ನೂ ಹೆಚ್ಚು ಚುಚ್ಚಿತು.

ಅದೇ ನೋವಿನ ಜಾಗ. ಆಟದಲ್ಲಿ ವೈದ್ಯೆಯ ಎಡಗಣ್ಣು ಶಾಪದಿಂದ ಕುರುಡಾಗಿತ್ತು. ಅದನ್ನು ತೆರೆಸಬಲ್ಲ ಒಂದೇ ಒಂದು ಬೆಳ್ಳಿ ಎಲೆಗಾಗಿ ಟೈಲರಕ್ಕ ಎಂಟು ತಿಂಗಳು ಶನಿವಾರ ಶನಿವಾರ ಕಾಡು ಸುತ್ತಿದ್ದಳು. ಸಿಕ್ಕಿ ಎರಡು ವಾರ ಆಗಿತ್ತಷ್ಟೇ, ಕಣ್ಣಿಗೆ ಇನ್ನೂ ಹಚ್ಚಿಕೊಂಡಿರಲಿಲ್ಲ. ಯೋಧ ರಕ್ತ ಸುರಿಸಿಕೊಂಡು ಬಿದ್ದಾಗ ಅವಳು ಒಂದು ಕ್ಷಣವೂ ಯೋಚಿಸದೆ ಆ ಎಲೆಯನ್ನು ಅವನ ಗಾಯಕ್ಕೆ ಅರೆದು ಹಚ್ಚಿದ್ದಳು. ಪುಟಾಣಿ ಆಗ "ಥ್ಯಾಂಕ್ಸ್ ಟೈಲರಕ್ಕಾ" ಅಂತ ಮೂಗು ಬೇರೆ ಒರೆಸಿಕೊಂಡಿದ್ದ.

"ಕಚ್ಚಿದ್ದನ್ನ ಅಳಿಸು. ಎಲೆ ವಾಪಸ್ ಕೊಡು. ಇಲ್ಲಾಂದ್ರೆ ಅವನನ್ನ ಎಬ್ಬಿಸಿ ಕಳಿಸು. ಎರಡೂ ಆಗಲ್ಲ ಅಂದ್ರೆ ನಾನು ಹೋಗ್ತೀನಿ. ತಮ್ಮ ಅಂತ ತಲೆ ಮೇಲೆ ಕೂರಿಸ್ಕೊಂಡ್ರೆ ನಮ್ಮಿಬ್ಬರದು ಇಲ್ಲಿಗೆ ಮುಗೀತು, ಹೇಳಿದ್ದೀನಿ."

ಹೇಳಿ ಸ್ಟೂಲ್ ಎಳೆದುಕೊಂಡು ಗೋಡೆ ಕಡೆ ಮುಖ ಮಾಡಿ ಕೂತಳು. ಏಳನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವಳು. ಸಿಟ್ಟು ಬಂದರೆ ತಿಂಗಳುಗಟ್ಟಲೆ ಮಾತು ಬಿಡಬಲ್ಲ ಗಟ್ಟಿಗಿತ್ತಿ. ಅವಳು ಸುಮ್ಮನೆ ಹೆದರಿಸುವುದಿಲ್ಲ ಅಂತ ಹಲ್ಲಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ಅಳಿಸುವುದು ಸುಲಭ, ರಬ್ಬರ್ ಕೈಯಳತೆಯಲ್ಲೇ ಇತ್ತು. ಆದರೆ ಈ ಮೇಜಿನ ಮೇಲೆ ಆಗಿದ್ದು ಆಗಿಹೋಯಿತು ಎಂಬುದು ಮೊದಲ ದಿನದಿಂದ ಇದ್ದ ನಿಯಮ. ಕಂಡಕ್ಟರನ ಮೊದಲ ಪಾತ್ರ ಹೊಳೆಯಲ್ಲಿ ಮುಳುಗಿ ಸತ್ತಾಗ ಆ ಮನುಷ್ಯ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಆಗಲೂ ಅವಳು ಅಳಿಸಿರಲಿಲ್ಲ. ಈಗ ತಮ್ಮನ ಗಲೀಜು ತೊಳೆಯಲು ಅಳಿಸಿದರೆ ಕಂಡಕ್ಟರನ ಮುಖ ಹೇಗೆ ನೋಡುವುದು?

ಎರಡಕ್ಕೆ ಸರಿಯಾಗಿ ಇಬ್ಬರೂ ಬಂದರು. ಪುಟಾಣಿ ಶಿಳ್ಳೆ ಹಾಕುತ್ತ ಮುಂದೆ. ಹೊಟ್ಟೆಯಲ್ಲಿ ಮಾತು ನಿಲ್ಲದ ತಪ್ಪಿಗೆ ಕಂಡಕ್ಟರ್ ಕಳ್ಳಬೆಕ್ಕಿನ ಹಾಗೆ ಹಿಂದೆ. ಖಾಕಿ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ಕಿಟಕಿ ಪಕ್ಕ ಕೂತ.

"ಇವತ್ತು ಆಟದಲ್ಲಿ ಹುಣ್ಣಿಮೆ ಅಲ್ವಾ ಅಕ್ಕ?" ಪುಟಾಣಿ ಕೈ ಉಜ್ಜಿಕೊಂಡ. "ತೋಳದ ಲೆಕ್ಕ ಎಲ್ಲ ಬರ್ಕೊಂಡು ಬಂದಿದ್ದೀನಿ. ಉಗುರಿಗೆ ಇಷ್ಟು, ಹಲ್ಲಿಗೆ ಇಷ್ಟು..."

"ದಾಳ ಎಷ್ಟು ಬಿದ್ದಿತ್ತು?" ಎಂದಳು ಹಲ್ಲಕ್ಕ.

"ಯಾವ ದಾಳ?"

"ಬಾಟ್ಲಿ ಹಿಂದಿಂದು."

ಪುಟಾಣಿ ಕಂಡಕ್ಟರನ ಕಡೆ ತಿರುಗಿದ. ಕಂಡಕ್ಟರ್ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡತೊಡಗಿದ.

"ಏನಣ್ಣಾ, ಟಿಕೆಟ್ ಹರಿದಷ್ಟು ಸಲೀಸಾಗಿ ಹೇಳಿಬಿಟ್ರಾ?"

"ಏಯ್, ನಾನೇನ್ ಮಾಡ್ಲಿ, ಟೈಲರಕ್ಕ ಪ್ಯಾಂಟಿಗೆ ಅಳತೆ ತಗೋತಾ ಇದ್ರು. ಟೇಪು ಸೊಂಟಕ್ಕೆ ಸುತ್ಕೊಂಡಿತ್ತು, ಎಲ್ಲಿಗೆ ಓಡ್ಲಿ?"

"ಸರಿ. ಅದ್ರಿಂದ ಯಾರಿಗೇನ್ ನಷ್ಟ?" ಪುಟಾಣಿ ಗಲ್ಲ ಎತ್ತಿದ. "ನಾನೇನ್ ಗೆಲ್ಲೋಕೆ ಸುಳ್ಳು ಹೇಳಿದ್ನಾ? ಸೋತೆ ಅಂದೆ. ನನ್ ಪಾತ್ರ, ನನ್ ಮೈ, ನನ್ ಗಾಯ."

"ನನ್ ಎಲೆ!" ಟೈಲರಕ್ಕ ಗೋಡೆ ಬಿಟ್ಟು ಈ ಕಡೆ ತಿರುಗಿದಳು. "ಕುರುಡಿ ಹತ್ರ ಇದ್ದಿದ್ದನ್ನ ಹಚ್ಚಿಸ್ಕೊಂಡು, ಯಾರಿಗೇನ್ ನಷ್ಟ ಅಂತೀಯಲ್ಲೋ, ನಾಚಿಕೆ ಆಗಲ್ವಾ?"

"ಎಲೆ ಹಚ್ಚಿ ಅಂತ ನಾನ್ ಕೇಳಿದ್ನಾ?"

ಹಲ್ಲಕ್ಕನಿಗೆ ಆ ಒಂದು ಮಾತಿಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿಯವರೆಗೂ ಅವಳ ಮನಸ್ಸಿನ ಒಂದು ಮೂಲೆಯಲ್ಲಿ, ಹೋಗಲಿ, ಸಣ್ಣವನು, ಬೈದು ಬಿಟ್ಟರಾಯಿತು ಅನ್ನುವ ಲೆಕ್ಕವಿತ್ತು. ಅದು ಹಾರಿಹೋಯಿತು.

"ಕಚ್ಚಿದ್ದು ಅಳಿಸಲ್ಲ," ಎಂದಳು. ಟೈಲರಕ್ಕ ಬ್ಯಾಗಿಗೆ ಕೈ ಹಾಕಿದಳು. "ತಡಿ, ಪೂರ್ತಿ ಕೇಳು. ತೋಳಮನುಷ್ಯ ಆದವನು ಹುಣ್ಣಿಮೆ ದಿನ ತನ್ನ ಹಿಡಿತದಲ್ಲಿ ಇರಲ್ಲ. ಪಾತ್ರದ ಹಾಳೆ ಅವನ ಕೈಲಿ ಇರಬಾರದು. ನಾನೇ ತಗೋಬೇಕು ಅಂತಿದ್ದೆ. ತಗೊಳ್ಳಲ್ಲ. ನಾನು ಅವನ ಅಕ್ಕ. ನಾನು ಏನ್ ಮಾಡಿದ್ರೂ ಕಾಪಾಡಿದೆ ಅಂತೀರ, ಇಲ್ಲಾಂದ್ರೆ ಹಗೆ ಸಾಧಿಸ್ದೆ ಅಂತಾನೆ. ಇಪ್ಪತ್ತೊಂಬತ್ತು ದಿನ ಮನುಷ್ಯ ಇವನದು. ಹುಣ್ಣಿಮೆ ದಿನದ ತೋಳ ಟೈಲರಕ್ಕಂದು."

"ಏನು? ಅಕ್ಕ, ತಮಾಷೆ ಮಾಡ್ಬೇಡ!"

"ಹಾಳೆ ಕೊಡು."

"ಕೊಡಲ್ಲ! ಎರಡು ವರ್ಷ ಬೆಳೆಸಿದ್ದೀನಿ ಅವನನ್ನ!"

"ಅವಳೂ ಎರಡು ವರ್ಷ ಬೆಳೆಸಿದ್ದಾಳೆ ಅವಳ ವೈದ್ಯೆನ. ಕೊಡ್ತೀಯೋ, ಎದ್ದು ಹೋಗ್ತೀಯೋ?"

ಪುಟಾಣಿ ಹಾಳೆಯನ್ನು ಮೇಜಿನ ಮೇಲೆ ಎಸೆದ. ಅದು ಜಾರಿಕೊಂಡು ಹೋಗಿ ಟೈಲರಕ್ಕನ ಮೊಣಕೈಗೆ ತಾಗಿ ನಿಂತಿತು. ಅವಳು ಮಡಿಕೆ ಸರಿಮಾಡಿ, ಮೇಲಿಂದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು. ಬಟ್ಟೆಗೆ ಕತ್ತರಿ ಇಡುವ ಮುಂಚೆ ಸೀಮೆಸುಣ್ಣದ ಗುರುತು ನೋಡುವಾಗಲೂ ಅವಳ ಮುಖ ಹೀಗೇ ಇರುತ್ತಿತ್ತು.

ಹಲ್ಲಕ್ಕ ಕಥೆ ಶುರುಮಾಡಿದಳು. ಪಾಳುಬಿದ್ದ ಛತ್ರ. ಒಲೆಯಲ್ಲಿ ಆರಿದ ಕೆಂಡ. ಕಳ್ಳ ಮಾಡಿನ ಕೆಳಗೆ ಮಲಗಿದ್ದಾನೆ, ಕುದುರೆ ಹೊರಗೆ ಕಟ್ಟಿದೆ, ವೈದ್ಯೆ ಒಲೆಯ ಪಕ್ಕ ಕಾವಲು ಕೂತಿದ್ದಾಳೆ. ಚಂದ್ರ ಮೇಲೆ ಬಂದ. ಯೋಧನ ಬೆನ್ನು ಬಾಗಿತು, ಅಂಗಿ ಹರಿಯಿತು, ತೋಳ ಎದ್ದು ನಿಂತು ಗಾಳಿ ಮೂಸಿತು.

"ಯಾರ ಕಡೆ ಹೋಗುತ್ತೆ?" ಎಂದಳು.

"ವೈದ್ಯೆ ಕಡೆ," ಎಂದಳು ಟೈಲರಕ್ಕ.

"ನಿನ್ ಪಾತ್ರ ಕಣೇ ಅದು."

"ಗೊತ್ತು. ಎಡಗಡೆಯಿಂದ ಹೋಗುತ್ತೆ. ಆ ಕಡೆ ಅವಳಿಗೆ ಕಣ್ಣು ಕಾಣಲ್ಲ."

ದಾಳವನ್ನು ಅವಳು ಮೇಜಿನ ನಟ್ಟನಡುವೆ, ನಾಲ್ಕೂ ಜನಕ್ಕೆ ಕಾಣುವ ಹಾಗೆ ಉರುಳಿಸಿದಳು. ಹದಿನಾರು.

"ಅಯ್ಯೋ ಇರಿ ಇರಿ, ನಾನು ಏಳ್ತೀನಿ!" ಕಂಡಕ್ಟರ್ ಮುಂದಕ್ಕೆ ಬಾಗಿದ. "ಕಳ್ಳಂಗೆ ಸದ್ದು ಕೇಳಿಸ್ಲಿ!" ಅವನು ಉರುಳಿಸಿದ್ದು ಮೂರು ಬಿತ್ತು. ಅಂಗೈಯಿಂದ ಹಣೆ ಚಚ್ಚಿಕೊಂಡು, "ನೋಡ್ಕೊಳ್ಳಿ, ಮೂರೇ. ಎಲ್ರೂ ನೋಡ್ಕೊಳ್ಳಿ," ಎಂದ.

"ವೈದ್ಯೆ ತಪ್ಪಿಸ್ಕೊಳ್ಳೋಕೆ ದಾಳ ಹಾಕು," ಎಂದಳು ಹಲ್ಲಕ್ಕ.

"ಹಾಕಲ್ಲ. ಕಾಣದೇ ಇರೋದನ್ನ ಹೆಂಗ್ ತಪ್ಪಿಸ್ಕೊಳ್ತಾಳೆ?"

"ಟೈಲರಕ್ಕಾ, ಬೇಡ," ಎಂದ ಪುಟಾಣಿ. ಅವನ ದನಿಯ ಜಂಬ ಎಲ್ಲೋ ಸೋರಿಹೋಗಿತ್ತು. "ಕುದುರೆ ತಗೊಳ್ಳಿ. ನನ್ ಕುದುರೆನ ಕೊಲ್ಲಿ, ಪರವಾಗಿಲ್ಲ. ಅಕ್ಕ, ನಿಲ್ಸೋಕೆ ಹೇಳು. ಆಯ್ತು, ನಂದೇ ತಪ್ಪು, ಹದಿನೆಂಟು ಬಿದ್ದಿತ್ತು, ಸಾಕಾ? ನಿಲ್ಸು!"

ಹಲ್ಲಕ್ಕ ಬಾಯಿ ತೆರೆದಳು. ಒಂದು ಮಾತು ಸಾಕಿತ್ತು. ಮೋಡ ಬಂತು, ಚಂದ್ರ ಮರೆಯಾದ ಅಂದರೆ ಮುಗಿಯಿತು. ತಮ್ಮನ ಕಣ್ಣಂಚಿನಲ್ಲಿ ನಿಜವಾದ ನೀರಿತ್ತು. ಆದರೆ ಅವನು ಅತ್ತ ಅಂತ ಮೋಡ ತಂದರೆ, ಕಂಡಕ್ಟರ್ ಹೊಳೆಯಲ್ಲಿ ಮುಳುಗಿದ ದಿನ ಇದೇ ಬಾಯಿ ಯಾಕೆ ಮುಚ್ಚಿಕೊಂಡಿತ್ತು? ಟೈಲರಕ್ಕ ಅವಳನ್ನೇ ನೋಡುತ್ತಿದ್ದಳು.

"ಮೋಡ ಇಲ್ಲ," ಎಂದಳು ಹಲ್ಲಕ್ಕ. "ಬೆಳಕು ಚೆನ್ನಾಗಿದೆ."

ತೋಳ ವೈದ್ಯೆಯನ್ನು ಕೊಂದಿತು. ಟೈಲರಕ್ಕ ದನಿ ಏರಿಸದೆ ಎಲ್ಲ ಅಂಕಿಗಳನ್ನೂ ಒಂದೊಂದಾಗಿ ಕಳೆದಳು, ಸೊನ್ನೆ ಬರುವವರೆಗೆ. ಆಮೇಲೆ ವೈದ್ಯೆಯ ಹಾಳೆಯನ್ನು ನಾಲ್ಕಾಗಿ ಮಡಚಿ ಪುಟಾಣಿಯ ಮುಂದಿಟ್ಟಳು, ಯೋಧನದನ್ನು ಅದರ ಮೇಲೆ.

"ಬೆಳಗಾಯ್ತು ಅಂತ ನಿಮ್ಮಕ್ಕ ಹೇಳ್ತಾಳೆ ಈಗ. ಎದ್ದೇಳು. ನಿನ್ ಬಾಯಲ್ಲಿ ಏನಿದೆ ಅಂತ ನೀನೇ ಹೇಳು ಎಲ್ರಿಗೂ. ತೋಳ ಬೇಕಿತ್ತಲ್ಲ? ಇದೂ ಸೇರಿಯೇ ತೋಳ."

ಪುಟಾಣಿಯ ಆರಡಿ ದೇಹ ಕುಗ್ಗಿ ಕುರ್ಚಿಯೊಳಗೆ ಇಷ್ಟೇ ಇಷ್ಟಾಗಿತ್ತು. ಕಂಡಕ್ಟರ್ ಅವನ ಬೆನ್ನು ತಟ್ಟಲು ಕೈ ಎತ್ತಿ, ಟೈಲರಕ್ಕನ ಮುಖ ನೋಡಿ, ಕೈ ಇಳಿಸಿದ.

ಅವಳು ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟಳು. ಹಲ್ಲಕ್ಕ ಎಪ್ರನ್ನಿನಲ್ಲೇ ಹಿಂದೆ ಓಡಿದಳು. ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಳು.

"ಏಯ್, ನಿಂತ್ಕೊಳ್ಳೇ! ನೀನ್ ಕೇಳಿದ್ದಕ್ಕಿಂತ ಜಾಸ್ತಿನೇ ಕೊಟ್ಟೆ. ಮತ್ತೆ ಯಾಕೆ ಹೋಗ್ತಾ ಇದ್ದೀಯ? ನಮ್ಮಿಬ್ಬರದು ಮುಗೀತಾ?"

"ನನ್ ಪಾತ್ರ ಸತ್ತಿದೆ. ಕೂತ್ಕೊಂಡು ಏನ್ ಮಾಡ್ಲಿ, ನಿನ್ ತಮ್ಮಂಗೆ ಕಣ್ಣೊರೆಸ್ಲಾ?"

"ನೀನೇ ಕೊಂದಿದ್ದು!"

"ಹೌದು. ಮತ್ತೆ ನೀನು ತಡೀಲಿಲ್ಲ." ಟೈಲರಕ್ಕ ಕಂಬಿ ಹಿಡಿದು ನಿಂತಳು. "ತಮ್ಮ ಅತ್ತ ಅಂತ ತಡೀತೀಯ ಅಂದ್ಕೊಂಡಿದ್ದೆ. ತಡ್ದಿದ್ರೆ ಇನ್ಯಾವತ್ತೂ ಈ ಮೆಟ್ಟಿಲು ಹತ್ತುತ್ತಿರಲಿಲ್ಲ."

ಹಲ್ಲಕ್ಕನಿಗೆ ನಗಬೇಕೋ ಎರಡು ಬಿಗಿಯಬೇಕೋ ತಿಳಿಯಲಿಲ್ಲ.

"ನಾಳೆ ಮೂರು ಗಂಟೆಗೆ ಅಂಗಡಿಗೆ ಬಾ," ಎಂದಳು ಟೈಲರಕ್ಕ. "ಖಾಲಿ ಹಾಳೆ ಒಂದು ತಗೊಂಡ್ ಬಾ. ವೈದ್ಯೆಗೆ ಒಬ್ಳು ಅಕ್ಕ ಇದ್ದಾಳೆ, ನನ್ ಹೊಸ ಪಾತ್ರ. ಬೇಟೆ ಅವಳ ಕಸುಬು. ಎರಡು ಕಣ್ಣೂ ಚೆನ್ನಾಗಿ ಕಾಣುತ್ತೆ."

"ಪುಟಾಣಿನ ಹುಡುಕ್ಕೊಂಡು ಬರ್ತಾಳಾ?"

"ಇನ್ಯಾರನ್ನ?"

"ನನ್ ತಮ್ಮನ್ನ ಕೊಲ್ಲೋಳನ್ನ ನಾನೇ ಕೂತ್ಕೊಂಡು ಬರೀಬೇಕಾ?"

"ಬರೀಬೇಕು. ಅವನಿಗೆ ಒಂದು ಮಾತೂ ಹೇಳಬಾರದು. ಜೊತೆಗೆ ಕರ್ಕೊಂಡ್ ಬಂದ್ರೆ ಷಟರ್ ಎಳೀತೀನಿ."

ಮೇಲಿನಿಂದ ಕುರ್ಚಿ ಸರಿದ ಸದ್ದಾಯಿತು. ಕಂಡಕ್ಟರ್ ಏನೋ ಸಮಾಧಾನ ಹೇಳುತ್ತಿದ್ದ, ಪುಟಾಣಿ "ಬಾಯಿ ಮುಚ್ಚಿ ಅಣ್ಣ" ಅಂತ ರೇಗುತ್ತಿದ್ದ.

"ಮೂರಕ್ಕಾ, ಮೂರೂವರೆಗಾ?"

"ಮೂರಕ್ಕೆ. ಪೆನ್ಸಿಲ್ ನೀನೇ ತಾ."

"ತರ್ತೀನಿ," ಎಂದಳು ಹಲ್ಲಕ್ಕ. "ಮೂರಕ್ಕೆ ಬರ್ತೀನಿ."