ಪಿಸು ಕೊಡದ ಮಾತು

ಆ ನಾಟಕದಲ್ಲಿ ತಂಗಿ ಅಕ್ಕನನ್ನು ಕೊಲ್ಲುತ್ತಾಳೆ, ಸಿಂಹಾಸನಕ್ಕಾಗಿ. ಮೂರನೆಯ ಅಂಕದಲ್ಲಿ ಕಠಾರಿ ಹಿಡಿದು ಮಹಾರಾಣಿ ಮಲಗಿರುವ ಕೋಣೆಗೆ ಹೋಗುತ್ತಾಳೆ, ಸ್ವಲ್ಪ ಹೊತ್ತಿಗೆ ಹೊರಗೆ ಬರುತ್ತಾಳೆ, ಬಂದು ಹೇಳುತ್ತಾಳೆ: “ಅವಳಿಗೆ ಎಚ್ಚರವಾಗಲಿಲ್ಲ. ಮಗ್ಗುಲಲ್ಲಿ ಮಲಗಲು ಬಂದೆನೆಂದುಕೊಂಡು, ನಿದ್ದೆಗಣ್ಣಿನಲ್ಲೇ ಸರಿದು ಜಾಗ ಬಿಟ್ಟಳು.” ಹಳೆಯ ನಾಟಕ, ಕಥೆ ಎಲ್ಲರಿಗೂ ಗೊತ್ತು. ಆದರೂ ಆ ಮಾತು ಬಂದಾಗ ಜನ ಕುರ್ಚಿಯಲ್ಲಿ ಒಮ್ಮೆ ಮಿಸುಕುತ್ತಿದ್ದರು.

ಆ ತಂಗಿಯ ಪಾತ್ರವನ್ನು ಮದುವೆಯಾಗಿ ಬಂದಾಗಿನಿಂದಲೂ ಮಾಡುತ್ತಿದ್ದವಳು ಹಿರಿಯ ಸೊಸೆ. ನಾಟಕದ ಕಂಪನಿ ಎಂದರೆ ಅವರ ಮನೆಯೇ. ಮಾವ ಕಟ್ಟಿದ್ದು; ಈಗ ಹಿರಿಯ ಮಗ ನಾಟಕ ಆಡಿಸುತ್ತಿದ್ದ, ಕಿರಿಯವನು ದೀಪ ನೋಡಿಕೊಳ್ಳುತ್ತಿದ್ದ. ಕಿರಿಯ ಸೊಸೆಗೆ ಸಿಕ್ಕಿದ್ದು ಪರದೆಯ ಮರೆಯ ಒಂದು ಸ್ಟೂಲು. ಅಲ್ಲಿ ಪುಸ್ತಕ, ಟಾರ್ಚು ಹಿಡಿದು ಕೂತು, ಮಾತು ಮರೆತವರಿಗೆ ಮಾತು ಎತ್ತಿಕೊಡುವುದು ಅವಳ ಕೆಲಸ. ಅದಕ್ಕೇ ಅವಳಿಗೆ ಪಿಸು ಎಂದು ಹೆಸರಿಟ್ಟವಳು ವಾರಗಿತ್ತಿ. ಆ ಹೆಸರು ಎಷ್ಟು ಅಂಟಿಕೊಂಡಿತೆಂದರೆ, ಗಂಡ ಕೂಡ ಸಿಟ್ಟು ಬಂದಾಗ ಮಾತ್ರ ಅವಳ ನಿಜವಾದ ಹೆಸರು ಹಿಡಿಯುತ್ತಿದ್ದ.

ವಾರಗಿತ್ತಿಯನ್ನು ಅವಳು ಅಕ್ಕ ಎನ್ನುತ್ತಿದ್ದಳು. ಬರಿಯ ಬಾಯಿಮಾತಿಗಲ್ಲ. ಈ ಮನೆಗೆ ಬಂದ ಹೊಸದರಲ್ಲಿ, ಎಲ್ಲರೂ ಗಟ್ಟಿಯಾಗಿ ಮಾತಾಡುವುದನ್ನು ಕಂಡು ಜಗಳವೆಂದು ಹೆದರಿ ಬಚ್ಚಲಲ್ಲಿ ಕೂತು ಅತ್ತವಳನ್ನು ಹೊರಗೆ ಕರೆತಂದವಳು ಅಕ್ಕ. “ಇದು ಜಗಳ ಅಲ್ಲ ಕಣೇ, ಉಪ್ಪು ಕೇಳ್ತಿದ್ದಾರೆ ಅಷ್ಟೇ” ಎಂದಿದ್ದಳು. ಪುಸ್ತಕ ಹಿಡಿಯುವ ಕೆಲಸವನ್ನೂ ಅವಳೇ ಕಲಿಸಿದಳು.

“ನಾನು ಸುಮ್ಮನೆ ನಿಂತೆ ಅಂತ ಬಾಯಿ ಹಾಕ್ಬೇಡ. ಬೇಕಂತಲೇ ನಿಂತಿರ್ತೀನಿ. ಮರೆತಿದ್ರೆ ಉಂಗುರ ತಟ್ತೀನಿ.”

ಕಠಾರಿಯ ಹಿಡಿ ಹಿತ್ತಾಳೆಯದು. ಅದಕ್ಕೆ ಉಂಗುರ ತಗುಲಿದರೆ ಸಣ್ಣಗೆ ಟಿಕ್ ಎನ್ನುತ್ತಿತ್ತು. ಟಿಕ್ ಎಂದರೆ ಮಾತು ಕೊಡು, ಇಲ್ಲವಾದರೆ ತೆಪ್ಪಗಿರು. ಈ ಗುಟ್ಟು ಅವರಿಬ್ಬರ ನಡುವಿನದು. ನಾಟಕ ಆಡಿಸುವ ಭಾವನಿಗೂ ತಿಳಿಯದು.

ಮೊದಲೆಲ್ಲ ಆ ಟಿಕ್ ಅಪರೂಪವಾಗಿತ್ತು. ಈಚೀಚೆಗೆ ಹೆಚ್ಚಾಗಿತ್ತು. ಅಕ್ಕ ಒಮ್ಮೆ ಎರಡನೆಯ ಅಂಕದಿಂದ ನೇರ ನಾಲ್ಕಕ್ಕೆ ಹಾರಿ, ಇನ್ನೂ ಸಾಯದ ಮಹಾರಾಣಿಗಾಗಿ ಗೋಳಾಡಿಬಿಟ್ಟಳು. ಆ ಸಂಜೆ ಭಾವ ಪಿಸುವನ್ನು ಕರೆದು, ಹೆಂಡತಿಯ ಕಿವಿಗೆ ಬೀಳದಂತೆ ಹೇಳಿದ: “ನೋಡಮ್ಮ, ಇನ್ನೊಂದ್ಸಲ ಜನರ ಮುಂದೆ ಹೀಗಾದ್ರೆ ನೀನು ಬಣ್ಣ ಹಚ್ಚಬೇಕಾಗುತ್ತೆ. ಮಾತೆಲ್ಲ ನಿನಗೆ ಬರುತ್ತಲ್ಲ?”

ಬರುತ್ತದೆಯೇ ಎಂದರೆ! ಬಟ್ಟೆ ಹಿಂಡುವಾಗ, ಪಾತ್ರೆ ತಿಕ್ಕುವಾಗ, ಮಗಳ ಜಡೆ ಹೆಣೆಯುವಾಗ, ಆ ಮಾತುಗಳು ಅವಳ ತುಟಿಯ ಹಿಂದೆ ಓಡುತ್ತಿದ್ದವು. ಇಷ್ಟು ವರ್ಷ ಅವಳು ಆ ಪಾತ್ರವನ್ನು ಪಿಸುದನಿಯಲ್ಲೇ ಬಾಳಿದ್ದಳು. ಒಮ್ಮೆ ಪೂರ್ತಿ ದನಿಯಲ್ಲಿ ಹೇಳಬೇಕು, ಒಂದೇ ಒಂದು ಸಲ. ಆ ಆಸೆಯನ್ನು ಗಂಡನಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವನು ನಗುತ್ತಿರಲಿಲ್ಲ, ನಿಜವೆಂದೇ ಹಿಡಿಯುತ್ತಿದ್ದ; ಅದು ಇನ್ನೂ ಕಷ್ಟ.

ಮುಂದಿನ ಆಟದಲ್ಲಿ, ಕೋಣೆಯಿಂದ ಹೊರಬಂದ ಅಕ್ಕ ದೀಪದಡಿ ನಿಂತಳು. ನಿಂತೇ ಇದ್ದಳು.

ಟಿಕ್.

ಪಿಸುವಿಗೆ ಕೇಳಿಸಿತು. ಬೆರಳು ಸಾಲಿನ ಮೇಲೇ ಇತ್ತು, ಬಾಯಿ ಅರ್ಧ ತೆರೆದಿತ್ತು. ತೆರೆದ ಬಾಯಿಯಿಂದ ಮಾತು ಹೊರಡಲಿಲ್ಲ.

ಟಿಕ್.

ಅಕ್ಕ ಮೆಲ್ಲಗೆ ಕತ್ತು ತಿರುಗಿಸಿ ಪರದೆಯ ಕಡೆ ನೋಡಿದಳು. ಇಬ್ಬರ ಕಣ್ಣೂ ಕೂಡಿದವು. ಆಮೇಲೆ ಅಕ್ಕನ ಮುಖದಲ್ಲಿ ಅದುವರೆಗೆ ಯಾರೂ ಕಾಣದಿದ್ದುದೇನೋ ಆಯಿತು. ಕೆಳದುಟಿ ಸಡಿಲಿತು, ಕಣ್ಣು ದೊಡ್ಡದಾಯಿತು. ಕಳ್ಳತನ ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ, ಕೊಂದು ಬಂದವಳ ಹಾಗೆ. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆ ಮೌನದ ತಳದಿಂದ ಮಾತು ತಾನಾಗಿ ಎದ್ದುಬಂತು: “ಅವಳಿಗೆ ಎಚ್ಚರವಾಗಲಿಲ್ಲ…”

ಆಟ ಮುಗಿದಾಗ ಚಪ್ಪಾಳೆ ನಿಲ್ಲಲೊಲ್ಲದು. ಭಾವ ಬಣ್ಣದ ಕೋಣೆಗೆ ಓಡಿ ಬಂದ. “ಏನೇ ಅದು! ಆ ಮೌನ! ಮೊದಲೇ ಯಾಕೆ ಹೊಳೀಲಿಲ್ಲ ನಿನಗೆ? ಇನ್ಮೇಲೆ ಪ್ರತಿ ಆಟಕ್ಕೂ ಅದು ಇರ್ಲಿ.”

“ಇರ್ಲಿ ಬಿಡಿ” ಎಂದಳು ಅಕ್ಕ, ಕನ್ನಡಿಯಲ್ಲಿ ಬಣ್ಣ ಒರೆಸಿಕೊಳ್ಳುತ್ತ.

ಪಿಸುವಿನ ಗ್ರಹಚಾರ ಅಲ್ಲಿಂದ ಶುರುವಾಯಿತು. ಪ್ರತಿ ಆಟದಲ್ಲೂ ಅಕ್ಕ ಅದೇ ಜಾಗದಲ್ಲಿ ನಿಲ್ಲುವಳು, ಉಂಗುರ ಟಿಕ್ ಎನ್ನಿಸುವಳು, ಪರದೆಯ ಕಡೆ ನೋಡುವಳು. ಪಿಸು ಬಾಯಿ ಮುಚ್ಚಿ ಕೂರಬೇಕು. ತಾನು ಮಾಡಿದ್ದನ್ನು ಮತ್ತೆ ಮತ್ತೆ ಮಾಡಬೇಕು, ಅದಕ್ಕೆ ಜನ ಚಪ್ಪಾಳೆ ತಟ್ಟುವುದನ್ನು ಕೇಳಬೇಕು. ಅಕ್ಕನಿಗೆ ಗೊತ್ತಿದೆಯೋ ಇಲ್ಲವೋ? ಗೊತ್ತಿದ್ದರೆ ಯಾಕೆ ಬೈಯುವುದಿಲ್ಲ? ಪಾತ್ರ ಕೈತಪ್ಪಿದ್ದು ಅವಳಿಗೆ ಈಗ ನೆನಪಿಗೂ ಬರುತ್ತಿರಲಿಲ್ಲ. ಅಕ್ಕ ಇನ್ನು ತನ್ನನ್ನು ಮೊದಲಿನಂತೆ ನೋಡುತ್ತಾಳೆಯೇ ಎಂಬುದೊಂದೇ ಚಿಂತೆಯಾಗಿತ್ತು.

ನಾಟಕದ ತಂಗಿಗೂ ಹೀಗೇ ಆಗುತ್ತದೆ. ಸಿಂಹಾಸನ ಏರಿದವಳು ದಾಸಿಯರನ್ನು ಕೇಳುತ್ತಲೇ ಇರುತ್ತಾಳೆ, ಅಕ್ಕ ಎದ್ದಳೇ, ಅಕ್ಕನ ಊಟವಾಯಿತೇ ಎಂದು. ಪಿಸುವೂ ಕೇಳತೊಡಗಿದಳು. “ಅಕ್ಕಾ, ಟೀ ತರ್ಲಾ?” “ಅಕ್ಕಾ, ಕಾಲು ಒತ್ಲಾ?” “ಅಕ್ಕಾ, ಗಾಳಿ ಬರ್ತಿದೆ, ಕಿಟಕಿ ಹಾಕ್ಲಾ?”

“ಏನೇ ನಿನ್ನ ಕಥೆ? ಬಾಣಂತೀನ ನೋಡ್ಕೊಳ್ಳೋ ಹಾಗೆ ನೋಡ್ಕೊಳ್ತಿದ್ದೀಯಲ್ಲ. ಈ ವಯಸ್ಸಲ್ಲಿ ಊರವರು ನೋಡಿದ್ರೆ ಏನಂದ್ಕೊಂಡಾರು!”

ಒಂದು ಮಧ್ಯಾಹ್ನ ಇಬ್ಬರೂ ಬಣ್ಣದ ಕೋಣೆಯ ನೆಲದಲ್ಲಿ ಕೂತು, ತಂಗಿಯ ಪಾತ್ರದ ನಿಲುವಂಗಿಯ ಕಿತ್ತುಹೋದ ಅಂಚನ್ನು ಆ ತುದಿಯಿಂದೊಬ್ಬರು ಈ ತುದಿಯಿಂದೊಬ್ಬರು ಹೊಲಿಯುತ್ತಿದ್ದರು. ಕೈಗಳು ಹತ್ತಿರ ಬಂದಾಗ ಪಿಸು ಸೂಜಿಯನ್ನು ಬಟ್ಟೆಗೆ ಚುಚ್ಚಿ ಬಿಟ್ಟಳು.

“ಅಕ್ಕಾ, ಆವತ್ತು ನೀವು ಉಂಗುರ ತಟ್ಟಿದ್ದು ನನಗೆ ಕೇಳಿಸ್ತು.”

ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು. “ಗೊತ್ತು.”

“ಗೊತ್ತಾ?”

“ಪಕ್ಕದ ಮನೇಲಿ ಹಾಲು ಉಕ್ಕಿದ್ರೆ ಎದ್ದು ಓಡೋ ಕಿವಿ ನಿಂದು. ಟಿಕ್ ಅಂದದ್ದು ಕೇಳ್ಸಲ್ವಾ?”

“ಮತ್ತೆ ಯಾಕೆ ಏನೂ ಅನ್ಲಿಲ್ಲ?”

“ಅನ್ಬೇಕು ಅಂತಲೇ ತಿರುಗಿದ್ದು. ಕಣ್ಣಲ್ಲೇ ನಿನ್ನ ಸುಟ್ಟುಬಿಡೋಣ ಅಂತ. ನೋಡ್ತೀನಿ, ಟಾರ್ಚ್ ಬೆಳಕಲ್ಲಿ ನಿನ್ನ ಮುಖ. ಬಾಯಿ ತೆರ್ಕೊಂಡು, ಕಣ್ಣು ಇಷ್ಟಗಲ ಮಾಡ್ಕೊಂಡು.” ಅಕ್ಕ ಸೂಜಿಗೆ ದಾರ ಪೋಣಿಸಲು ಹೋಗಿ, ಕಣ್ಣು ಹಿಡಿಯದೆ ಪಿಸುವಿನ ಕೈಗೆ ಕೊಟ್ಟಳು. “ಇಷ್ಟು ವರ್ಷ ಕೊಲೆ ಮಾಡ್ಕೊಂಡೇ ಬಂದೆ. ಮಾಡಿದವಳ ಮುಖ ಹೇಗಿರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ನಿನ್ನದನ್ನೇ ನೋಡ್ಕೊಂಡು ಮಾಡಿಬಿಟ್ಟೆ. ದಿನಾ ತಿರುಗಿ ನೋಡ್ತೀನಲ್ಲ, ಬೈಯೋಕಲ್ಲ. ನಕಲು ಮಾಡೋಕೆ.”

ಪಿಸು ದಾರ ಪೋಣಿಸಿ ಸೂಜಿಯನ್ನು ಹಿಂದಕ್ಕೆ ಕೊಟ್ಟಳು.

“ನೋವಾಗ್ಲಿಲ್ಲ ಅಂದ್ಕೋಬೇಡ” ಅಕ್ಕನ ದನಿ ತಗ್ಗಿತು. “ಮನೆಗೆ ಹೋಗಿ ದಿಂಬಿಗೆ ಮುಖ ಹಚ್ಚಿ ಅತ್ತೆ. ಮರೆವು ಬಂದದ್ದಕ್ಕೆ ಒಂದಿಷ್ಟು, ನಿನಗೆ ಒಂದಿಷ್ಟು. ಈ ಪಾತ್ರ ಕೇಳಿದ್ರೆ ಕೊಡ್ತಿರ್ಲಿಲ್ವೇನೇ?”

“ಹೇಗೆ ಕೇಳ್ಲಿ ಅಕ್ಕಾ?”

“ಬಾಯಿಂದ! ಊರಿಗೆಲ್ಲ ಮಾತು ಕೊಡ್ತೀಯ, ನಿನ್ನ ಮಾತು ನಿನಗೆ ಬರಲ್ವಾ? ಈ ಭಾನುವಾರ ಮಧ್ಯಾಹ್ನದ ಆಟಕ್ಕೆ ನೀನೇ ಬಣ್ಣ ಹಚ್ಚು.”

“ಬೇಡ ಅಕ್ಕಾ. ಖಂಡಿತ ಬೇಡ.”

“ಮೆಟ್ಟಲ್ಲಿ ಹೊಡೀತೀನಿ ನೋಡು. ಕೊಲೆ ಮಾಡೋ ತನಕ ಹೋದವಳು, ಈಗ ಕಿರೀಟ ಬೇಡ ಅಂತಾಳೆ!”

ಭಾನುವಾರ ಅಕ್ಕ ತನ್ನ ಕೈಯಿಂದಲೇ ಪಿಸುವಿಗೆ ಬಣ್ಣ ಹಚ್ಚಿದಳು. ನಿಲುವಂಗಿಯ ಸೊಂಟವನ್ನು ಪಿನ್ನುಗಳಿಂದ ಬಿಗಿಮಾಡಿ, “ನಿನ್ನಂಥವರು ಇನ್ನೊಬ್ಬರು ಹಿಡೀತಾರೆ ಇದ್ರಲ್ಲಿ” ಎಂದು ತನ್ನ ದಪ್ಪವನ್ನೇ ಆಡಿಕೊಂಡಳು. ಕೊನೆಗೆ ಬೆರಳಿಗೆ ಸಾಬೂನು ಹಚ್ಚಿ ಉಂಗುರ ಕಳಚಿದಳು. ಅದು ಪಿಸುವಿನ ಹೆಬ್ಬೆರಳಿಗೆ ಸರಿಹೋಯಿತು. ಆಮೇಲೆ ಕನ್ನಡಕ ಏರಿಸಿ, ಪುಸ್ತಕ ಹಿಡಿದು, ಮೊಣಕಾಲಿಗೆ ಬೈಯುತ್ತ ಸ್ಟೂಲಿನ ಮೇಲೆ ಕೂತಳು.

ಎರಡು ಅಂಕ ನೀರು ಹರಿದಂತೆ ಹೋದವು. ಪಿಸುವಿನ ದನಿ ಇಷ್ಟು ದೊಡ್ಡದೆಂದು ಅವಳಿಗೇ ತಿಳಿದಿರಲಿಲ್ಲ. ಮೇಲೆ ದೀಪದ ಹತ್ತಿರ ಕೂತ ಗಂಡ ಬೆಳಕು ಬದಲಿಸುವುದನ್ನು ಮರೆತು ನೋಡುತ್ತಿದ್ದ. ಮೂರನೆಯ ಅಂಕದಲ್ಲಿ ಕಠಾರಿ ಹಿಡಿದು ಒಳಗೆ ಹೋದಳು, ಹೊರಗೆ ಬಂದಳು, ದೀಪದಡಿ ನಿಂತಳು.

ಮಾತೇ ಇಲ್ಲ.

ಅವಳಿಗೆ ಉಸಿರಿನಷ್ಟು ಸಲೀಸಾಗಿದ್ದ ಮಾತು, ಒಂದಕ್ಷರವೂ ಇಲ್ಲ. ತಿರುಗಿ ನೋಡಿದರೆ, ಇಷ್ಟು ವರ್ಷ ತಾನು ಕೂತ ಜಾಗದಲ್ಲಿ ಅಕ್ಕ. ಈಗ ಅಕ್ಕನ ಸರದಿ. ಅವಳು ಸುಮ್ಮನಿದ್ದುಬಿಟ್ಟರೆ ತಪ್ಪೆನ್ನುವವರು ಯಾರು? ಎಷ್ಟು ಹೊತ್ತು ಬೇಕಾದರೂ ಕಾಯಿಸಲಿ, ಕಾಯುತ್ತೇನೆ ಎಂದುಕೊಂಡು ಪಿಸು ಹೆಬ್ಬೆರಳನ್ನು ಹಿತ್ತಾಳೆಗೆ ತಾಗಿಸಿದಳು.

ಟಿಕ್ ಎನ್ನುವುದಕ್ಕೂ ಪುರುಸೊತ್ತಿರಲಿಲ್ಲ.

“ಅವಳಿಗೆ ಎಚ್ಚರವಾಗ್ಲಿಲ್ಲ ಕಣೇ! ಸರಿದು ಜಾಗ ಬಿಟ್ಟಳು!”

ಕೊನೆಯ ಸಾಲಿನವರೆಗೆ ಕೇಳಿಸುವಂತೆ ಪಳಗಿದ ಕಂಠ ಅದು, ಪಿಸುಗುಡುವುದು ಅದಕ್ಕೆ ಎಲ್ಲಿಂದ ಬರಬೇಕು! ಮುಂದಿನ ಸಾಲುಗಳಲ್ಲಿ ಕಿಸಕ್ಕೆಂದು ನಗು ಎದ್ದಿತು. ಪಿಸು ನಗಲಿಲ್ಲ. ಆ ಮಾತನ್ನು ಕೈಯೊಡ್ಡಿ ತೆಗೆದುಕೊಂಡವಳಂತೆ ತೆಗೆದುಕೊಂಡು ಹೇಳಿದಳು. “ಸರಿದು ಜಾಗ ಬಿಟ್ಟಳು” ಎನ್ನುವಾಗ ದನಿ ಒಡೆಯಿತು, ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು.

ಪರದೆ ಬಿದ್ದೊಡನೆ ಭಾವ ಸ್ಟೂಲಿನ ಮುಂದೆ ಬಂದು ನಿಂತ. “ಮಾತು ಎತ್ತಿಕೊಡೋದು ಅಂದ್ರೆ ಸಂತೆಯಲ್ಲಿ ಕೂಗೋದಾ? ಆ ಮೌನ ಎಲ್ಲಿ ಹೋಯ್ತು? ಸ್ವಲ್ಪ ಹೊತ್ತು ಕಾಯಬಾರದಿತ್ತಾ ನೀನು?”

ಅಕ್ಕ ಕನ್ನಡಕ ತೆಗೆದು ನಿಲುವಂಗಿಯ ಅಂಚಿಗೇ ಒರೆಸಿಕೊಂಡಳು. ನಿಲುವಂಗಿ ಇನ್ನೂ ಪಿಸುವಿನ ಮೈಮೇಲೇ ಇತ್ತು.

“ಆಗ್ಲಿಲ್ಲ ರೀ” ಎಂದಳು. “ಅಲ್ಲಿ ಒಬ್ಬಳೇ ನಿಂತಿದ್ಲು ಪಾಪ.”