ಮುಚ್ಚಳದ ತೂತು

ಸಂಜೆ ಕೆಲಸದಿಂದ ಬಂದಾಗ ನನ್ನ ಅಡುಗೆಮನೆಯ ಚಾವಣಿಯಿಂದ ಬಿಯರ್ ತೊಟ್ಟಿಕ್ಕುತ್ತಿತ್ತು. ಮನೆ ಓನರ್ ಸಿದ್ದಲಿಂಗಯ್ಯನವರು ಒಳಗೆ ನಿಂತು ಫೋಟೊ ಹೊಡೆಯುತ್ತಿದ್ದರು.

“ಬ್ಲಾಸ್ಟ್ ಆಗಿದೆ ಕಣಮ್ಮ ದಾನಮ್ಮ. ಏನ್ ಬಾಂಬ್ ಮಾಡ್ತಿದ್ಯಾ?”

“ಬಿಯರ್ ರೀ ಅಂಕಲ್. ನೀವು ಒಳಗ ಹೆಂಗ ಬಂದ್ರಿ?”

“ಓನರ್ ಹತ್ರ ಒಂದು ಕೀ ಇದ್ದೇ ಇರುತ್ತೆ.”

ಇಪ್ಪತ್ತು ಲೀಟರಿನ ಬಕೆಟ್ಟಿನ ಮುಚ್ಚಳ ಮೂಲೆಯಲ್ಲಿ ಬಿದ್ದಿತ್ತು. ಅದರ ತೂತಿನಲ್ಲಿ ಏರ್‌ಲಾಕ್ ಇರಬೇಕಿತ್ತು, ಅಂದರೆ ಸ್ವಲ್ಪ ನೀರು ತುಂಬಿದ ಬೆರಳುದ್ದದ ನಳಿಗೆ. ಬಿಯರ್ ಹುದುಗುವಾಗ ಹುಟ್ಟುವ ಗಾಳಿ ಅದರ ಮೂಲಕ ಗುಳುಗುಳು ಎಂದು ಹೊರಗೆ ಹೋಗುತ್ತದೆ. ಈಗ ಅದು ಸಿಂಕಿನಲ್ಲಿತ್ತು. ತೂತಿನ ತುಂಬ ಪೈಪಿನ ಸೋರಿಕೆಗೆ ಮೆತ್ತುವ ಎಂ-ಸೀಲ್, ಮೇಲೊಂದು ಹೆಬ್ಬೆರಳಿನ ಗುರುತು. ಈ ಕಟ್ಟಡದ ಪ್ರತಿಯೊಂದು ಪೈಪಿನ ಮೇಲೂ ಇರುವ ಹೆಬ್ಬೆರಳು.

“ಗ್ಯಾಸ್ ಲೀಕ್ ಆಗೋ ಸದ್ದು ಕೇಳಿಸ್ತು, ಬೆಳಿಗ್ಗೆ ನೀನು ಹೋದ್ಮೇಲೆ ಬಂದು ಮುಚ್ಚಿದೆ. ಉಪಕಾರ ಅನ್ಕೊ.”

ಬೀದಿಯ ವಾಟ್ಸಾಪ್ ಗುಂಪಿಗೆ ಅವರು ಆಗಲೇ ಫೋಟೊ ಹಾಕಿಯಾಗಿತ್ತು: ‘ಫಸ್ಟ್ ಫ್ಲೋರ್ ಹುಡುಗಿ. ಮನೆಯಲ್ಲೇ ಸಾರಾಯಿ. ಬ್ಲಾಸ್ಟ್.’ ಎಂ-ಸೀಲ್ ವಿಷಯ ಅದರಲ್ಲಿರಲಿಲ್ಲ. ನಾಳೆ ಬೆಳಿಗ್ಗೆ ಹಾಲಿನಂಗಡಿಯವನಿಗೂ ನಾನು ಬಾಂಬ್ ಹುಡುಗಿ.

ಶೆಲ್ಫಿನಲ್ಲಿದ್ದುದನ್ನೆಲ್ಲ ಒಂದೊಂದಾಗಿ ಅವರ ಮುಂದಿಟ್ಟೆ. ಥರ್ಮಾಮೀಟರ್. ಬಿಯರನ್ನು ಬಾಟಲಿಗೆ ಇಳಿಸುವ ಪೈಪು. ಸಕ್ಕರೆ ಎಷ್ಟು ಉಳಿದಿದೆ ಎಂದು ತೇಲಿ ತೋರಿಸುವ ಹೈಡ್ರೋಮೀಟರ್. ಬಾಟಲಿಗೆ ಬಿರಡೆ ಒತ್ತುವ ಯಂತ್ರ.

“ಇದರಾಗ ಬಾಂಬ್ ಯಾವ್ದು, ತೋರಸ್ರಿ.”

ನಾನು ಕೆಲಸ ಮಾಡುವ ಬೊಮ್ಮನಹಳ್ಳಿಯ ಜ್ಯೂಸ್ ಫ್ಯಾಕ್ಟರಿಯಲ್ಲಿ ಇಂಥದೇ ಹೈಡ್ರೋಮೀಟರ್ ಹಿಡಿದರೆ ನನ್ನನ್ನು ಮೇಡಂ ಎನ್ನುತ್ತಾರೆ.

“ಗುಂಪಿನಾಗ ಖರೇ ಬರೀರಿ ಅಂಕಲ್. ತೂತು ಮುಚ್ಚಿದವರು ನೀವು ಅಂತ ಬರೀರಿ.”

“ಡಿಲೀಟ್ ಮಾಡ್ತೀನಿ ಬಿಡಮ್ಮ, ಮುಗೀತಲ್ಲ.”

“ಎಲ್ಲಾರೂ ಓದ್ಯಾರ. ಮುಗಿಯೂದು ಹೆಂಗ?”

ಅಷ್ಟರಲ್ಲಿ ಅವರ ಹೆಂಡತಿ ಉಮಾಮಹೇಶ್ವರಿ ಆಂಟಿ ನೆಲ ಒರೆಸುವ ಬಟ್ಟೆ ಹಿಡಿದು ಮೇಲೆ ಬಂದರು. ಮುಚ್ಚಳವನ್ನು ಎತ್ತಿ ತಿರುಗಿಸಿ ನೋಡಿದರು. ಗಂಡನನ್ನು ನೋಡಿದರು. ಬಟ್ಟೆ ಕೆಳಗಿಟ್ಟು, ಗುಂಪಿಗೆ ವಾಯ್ಸ್ ಮೆಸೇಜ್ ಹಾಕಲು ತಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದರು.

“ಎಲ್ರಿಗೂ ನಮಸ್ಕಾರ. ಆ ಹುಡುಗಿ ಇಲ್ದಾಗ ನಮ್ಮೆಜಮಾನ್ರು ಒಳಗೆ ಹೋಗಿ, ಬಕೆಟ್ ಮುಚ್ಚಳಕ್ಕೆ ಎಂ-ಸೀಲ್ ಮೆತ್ತಿದ್ರು. ಅದಕ್ಕೇ ಸಿಡೀತು.”

“ಉಮಾ!”

“ಏನ್ರೀ ಉಮಾ? ಹೋದ್ವರ್ಷ ಸೋಲಾರ್ ಹಾಳು ಮಾಡಿದ್ದೂ ಹೇಳ್ಬೇಕಾ?” ಎಂದು ಆಂಟಿ ನನ್ನ ಕಡೆ ತಿರುಗಿದರು. “ಅಲ್ಲ ಕಣೇ, ಹೆಣ್ಣು ಹುಡುಗಿ, ಇದೆಲ್ಲ ಯಾಕೆ ಬೇಕಿತ್ತು ನಿಂಗೆ?”

“ಕುಡಿಯಾಕ್ರೀ ಆಂಟಿ.”

ಗುಂಪಿನಲ್ಲಿ ಮೊದಲ ಉತ್ತರ ಬಂತು. ಆಂಟಿ ಅದನ್ನು ಗಟ್ಟಿಯಾಗಿ ಓದಿದರು: “ಅದಿರಲಿ, ಹುಡುಗಿ ಯಾವ ಕಡೆಯವಳು?”

ಓದಿ, ಉತ್ತರ ನಾನೇ ಕೊಡಬೇಕು ಎಂಬಂತೆ ಫೋನನ್ನು ನನ್ನ ಮುಂದೆ ಹಿಡಿದರು.